ನನ್ನ ಆಟಕ್ಕೆ ಬಂದವರು ಮೊಬೈಲ್ ನೋಡುತ್ತಾರೆ

ಪ್ರಶ್ನೆ: ನಾನು ಶಿವಮೊಗ್ಗದವನು, ವಯಸ್ಸು 26. ಪ್ರತಿ ಶನಿವಾರ ನಾಲ್ವರು ಗೆಳೆಯರಿಗೆ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ಕವಲೇದುರ್ಗದಂಥ ಕೋಟೆ ಕಲ್ಪಿಸಿಕೊಂಡು 40 ಪುಟ ಕಥೆ ಬರೆದಿದ್ದೇನೆ. ಅರ್ಧ ಗಂಟೆಗೆಲ್ಲ ಮೂವರು ಮೊಬೈಲ್ ಹಿಡಿಯುತ್ತಾರೆ. ಒಬ್ಬನೇ ಎಲ್ಲರ ಪಾಲಿನ ಮಾತೂ ಆಡುತ್ತಾನೆ. ಕಳೆದ ವಾರ ಗುಪ್ತ ಬಾಗಿಲು ಸಿಗದೆ ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಈ ಮಳೆಯಲ್ಲೂ ನೆನೆದುಕೊಂಡು ಬರುವವರಿಗೆ ಆಸಕ್ತಿ ಇಲ್ಲ ಅಂದರೆ ನಾನು ನಂಬುವುದಿಲ್ಲ. ಬಂದ ಮೇಲೆ ಅವರಿಗೆ ಕೆಲಸ ಇಲ್ಲ, ಅಷ್ಟೆ.

(ಗೊತ್ತಿಲ್ಲದ ಓದುಗರಿಗೆ: ಇದು 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಆಡುತ್ತಾರೆ. ಆಗುತ್ತೋ ಇಲ್ಲವೋ ಅನ್ನುವಲ್ಲಿ ದಾಳ ಉರುಳಿಸುತ್ತಾರೆ.)

ತಾಳಮದ್ದಳೆ ನೋಡಿರುತ್ತೀರಿ, ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿಗಳು ಅಲ್ಲಿಂದ ತಮ್ಮ ಮಾತು ಕಟ್ಟುತ್ತಾರೆ. ಕರ್ಣ ಏನು ಹೇಳಿಬಿಡುತ್ತಾನೋ, ಎದುರು ಕೂತ ಕೃಷ್ಣನಿಗೂ ಗೊತ್ತಿರುವುದಿಲ್ಲ. ನೀವು ಭಾಗವತರೂ ಆಗಿ, ಕರ್ಣನೂ ಆಗಿ, ಕೃಷ್ಣನೂ ಆಗಿ 40 ಪುಟ ಒಪ್ಪಿಸುತ್ತಿದ್ದೀರಿ. ಪಾಪ, ಉಳಿದವರು ಇನ್ನೇನು ಮಾಡಬೇಕು?

ಆ ಬಾಗಿಲಿನ ವಿಷಯ. 20 ಮುಖದ ದಾಳದಲ್ಲಿ 15 ಅಥವಾ ಜಾಸ್ತಿ ಬೀಳಬೇಕು ಅಂತ ಇಟ್ಟರೆ, ಬೋನಸ್ (ಪಾತ್ರದ ಕೌಶಲಕ್ಕೆ ದಾಳದ ಅಂಕಿಗೆ ಸೇರಿಸಿಕೊಳ್ಳುವ ಅಂಕ) ಇಲ್ಲದವನಿಗೆ ಗೆಲ್ಲುವ ಅವಕಾಶ 100ಕ್ಕೆ 30 ಮಾತ್ರ. ಕಥೆ ಮುಂದೆ ಹೋಗಲು ಬೇಕೇ ಬೇಕಾದ ಬಾಗಿಲನ್ನು ದಾಳದ ಕೈಗೆ ಕೊಡಬೇಡಿ. ಬಾಗಿಲು ಸಿಗಲಿ. ದಾಳ ಕೈಕೊಟ್ಟರೆ ಅದು ಕಿರ್ರೆಂದು ಕಾವಲುಗಾರನಿಗೆ ಎಚ್ಚರವಾಗಲಿ. ಈಗೇನು ಮಾಡುತ್ತೀರಿ ಅಂತ ಕೇಳಿ ಬಾಯಿ ಮುಚ್ಚಿಕೊಳ್ಳಿ. ನಿಮಗೆ ಕಷ್ಟವಾಗುತ್ತದೆ, ತಡೆದುಕೊಳ್ಳಿ.

ಜಾಸ್ತಿ ಮಾತಾಡುವವನನ್ನು ಗದರಬೇಡಿ. ಅವನಿಲ್ಲದಿದ್ದರೆ ನಿಮ್ಮ ಆಟ ಯಾವತ್ತೋ ನಿಂತಿರುತ್ತಿತ್ತು. ಅವನ ಮಾತು ಮುಗಿದ ಕೂಡಲೇ ಸುಮ್ಮನಿರುವವನನ್ನು ಪಾತ್ರದ ಹೆಸರು ಹಿಡಿದು ಕರೆಯಿರಿ. 'ನೀನೇನು ಮಾಡ್ತೀಯ?' ಅಂದರೆ ತಡವರಿಸುತ್ತಾನೆ. 'ಕಾವಲುಗಾರ ನಿನ್ನ ಊರಿನವನು, ಗುರುತು ಹಿಡಿದ. ಓಡ್ತೀಯಾ, ಮಾತಾಡಿಸ್ತೀಯಾ?' ಅಂತ ಕೇಳಿ ನೋಡಿ. ಕಾಳಗದಲ್ಲಿ ಮುಂದಿನ ಸರದಿ ಯಾರದ್ದು ಅಂತ ಮೊದಲೇ ಹೇಳಿಬಿಡಿ. ಫೋನ್ ಕಿತ್ತಿಡಲು ಹೋಗಬೇಡಿ, ಮುನಿಸಿಕೊಳ್ಳುತ್ತಾರೆ.

ಮುಂದಿನ ಶನಿವಾರ ದಾಳ ತೆಗೆಯುವ ಮೊದಲು ಮಂಡಕ್ಕಿ ಮುಂದಿಟ್ಟು ಒಬ್ಬೊಬ್ಬರನ್ನೇ ಕೇಳಿ: ಹೊಡೆದಾಟ ಬೇಕೋ, ಒಗಟು ಬೇಕೋ, ಮಾತುಕತೆ ಬೇಕೋ? ಉತ್ತರ ಕೇಳಿ ನಿಮಗೆ ಬೇಜಾರಾಗಬಹುದು. 40 ಪುಟದಲ್ಲಿ 35 ಹೋಗಬಹುದು. ಕೋಟೆಯ ನಕ್ಷೆ, ನಾಲ್ಕು ಹೆಸರು, ಶತ್ರುವಿಗೆ ಏನು ಬೇಕು ಅನ್ನುವುದು, ಇಷ್ಟು ಕೈಯಲ್ಲಿರಲಿ. ಉಳಿದ ಪುಟ ಎಸೆಯಬೇಡಿ. ಅವರು ಕೋಟೆ ಬಿಟ್ಟು ಕಾಡಿಗೆ ನುಗ್ಗಿದ ದಿನ ಬೇಕಾಗುತ್ತದೆ.