ಅಕ್ಷರದ ಸದ್ದು ಬರುತ್ತದೆ, ಪದ ಓದಲು ಬರುವುದಿಲ್ಲ: ಮನೆಯಲ್ಲಿ ಫೋನಿಕ್ಸ್ ಹೇಗೆ ಹೇಳಿಕೊಡಲಿ?

ಯುಕೆಜಿ ಮಗಳು 26 ಅಕ್ಷರಗಳ ಸದ್ದನ್ನೂ ಪಟಪಟ ಹೇಳುತ್ತಾಳೆ, 'ಕ್ಯಾಟ್' ಓದು ಅಂದರೆ ಮಾತ್ರ ಸುಮ್ಮನೆ ಮುಖ ನೋಡುತ್ತಾಳೆ ಅಂತ ಬರೆದಿದ್ದೀರಿ. ಫೋನಿಕ್ಸ್ ಅಂದರೆ ಅಕ್ಷರಗಳ ಸದ್ದು ಕೂಡಿಸಿ ಪದ ಓದುವುದು, ಆ ಕೂಡಿಸುವುದೇ ಅವಳಿಗೆ ಬಂದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಕಥೆ. ತಪ್ಪು ಮಗನದ್ದಲ್ಲ, ನನ್ನದು.

ಸಿ ಅಂದರೆ 'ಕ', ಟಿ ಅಂದರೆ 'ಟ' ಅಂತ ಹೇಳಿಕೊಟ್ಟಿದ್ದೆ. ಕನ್ನಡದವರ ಬಾಯಿಗೆ ಅದೇ ಬರುವುದು, ಅಲ್ವಾ? ನಮ್ಮ 'ಕ' ಒಳಗೆ ಒಂದು 'ಅ' ಮೊದಲೇ ಕೂತಿರುತ್ತದೆ. ಪಾಪ, ಅವನು 'ಕ, ಆ್ಯ, ಟ' ಅಂತ ಜೋಡಿಸುತ್ತಿದ್ದ. ಎಷ್ಟು ಬೇಗ ಹೇಳಿದರೂ ಅದು ಕ್ಯಾಟ್ ಆಗುವುದಿಲ್ಲ. ಬೇಕಿದ್ದದ್ದು ಕ್, ಆ್ಯ, ಟ್. ಆ ಬಾಲದ 'ಅ' ಕತ್ತರಿಸಿದ ವಾರದಲ್ಲೇ ಅವನು ಸಣ್ಣ ಪದಗಳನ್ನು ಕೂಡಿಸತೊಡಗಿದ.

ಇನ್ನೊಂದು ಬಾಲವೂ ಇದೆ. ನಮ್ಮ ಅತ್ತೆ ಬಸ್ಸು, ಕಪ್ಪು, ಪೆನ್ನು ಅಂತಾರೆ. ಕನ್ನಡದಲ್ಲಿ ಅದು ಸರಿಯೇ, ತಿದ್ದಬೇಕಿಲ್ಲ. ಇಂಗ್ಲಿಷ್ ಪುಸ್ತಕ ಹಿಡಿದಾಗ ಮಾತ್ರ ಆ 'ಉ' ಬಿಡಬೇಕು, ಅಷ್ಟೇ.

ಶುರು ಮಾಡುವಾಗ ಎಳೆಯಲು ಬರುವ ಸದ್ದು ತೆಗೆದುಕೊಳ್ಳಿ: ಸ್, ಮ್, ನ್, ಫ್. 'ಸ್‌ಸ್‌ಸ್' ಅಂತ ಎಳೆದು, ನಡುವೆ ನಿಲ್ಲಿಸದೆ ಮುಂದಿನ ಸದ್ದಿಗೆ ಜಾರಬೇಕು. ಪ್, ಟ್, ಕ್ ಎಳೆಯಲು ಆಗುವುದಿಲ್ಲ, ಮೆತ್ತಗೆ ತಟ್ಟಿ ಬಿಡಬೇಕು.

ಎ, ಬಿ, ಸಿ ಕ್ರಮದಲ್ಲೇ ಹೋಗಬೇಕೆಂದೇನಿಲ್ಲ. ಫೋನಿಕ್ಸ್ ಪಾಠಗಳು ಸಾಮಾನ್ಯವಾಗಿ ಎಸ್, ಎ, ಟಿ, ಐ, ಪಿ, ಎನ್‌ನಿಂದ ಶುರುವಾಗುತ್ತವೆ. ಈ ಆರರಲ್ಲೇ ಪಿನ್, ಟಿನ್, ಟ್ಯಾಪ್, ಸಿಟ್ ಎಲ್ಲ ಸಿಗುತ್ತವೆ. ಇದೇನು ಹೊಸದಲ್ಲ. ನಮ್ಮ ಸರ್ಕಾರಿ ಶಾಲೆಯ, ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಅ, ಆ, ಇ, ಈ ಬಿಟ್ಟು ರ, ಗ, ಸ, ದ, ಅ ಮೊದಲು ಕಲಿಯುತ್ತಾರೆ. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಿಬಿಡುತ್ತಾರೆ! 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದದ್ದು ಅದು. ನಾವು ಅದನ್ನು ಬಿಟ್ಟು ಫ್ಲ್ಯಾಶ್ ಕಾರ್ಡಿಗೆ ಸಾವಿರಗಟ್ಟಲೆ ಸುರಿಯುತ್ತೇವೆ.

ಪುಸ್ತಕ ಇಲ್ಲದೆಯೂ ಆಡಿಸಿ. ತಲೆ ಬಾಚುವಾಗ, 'ಆ ಮ್-ಅ-ಗ್ ತಗೊಂಡು ಬಾ' ಅನ್ನಿ. ಮಗ್ ಹಿಡಿದು ಬಂದರೆ ಗೆದ್ದಿರಿ. ಮಗ್, ಬ್ಯಾಗ್, ಫ್ಯಾನ್, ಪೆನ್, ಬೆಡ್ ಎಲ್ಲ ನಮ್ಮ ಮನೆಮಾತಿನಲ್ಲೇ ಇವೆ. ವರ್ಕ್‌ಶೀಟಿನ 'ಡೆನ್', 'ವಿಗ್' ಬೇಡ. ಅರ್ಥ ಗೊತ್ತಿಲ್ಲದ ಪದವನ್ನು ಓದಿದರೂ ಸರಿಯಾಗಿ ಓದಿದೆನೋ ಇಲ್ಲವೋ ಮಗುವಿಗೆ ತಿಳಿಯುವುದಿಲ್ಲ.

'ಸೆಡ್' (said), 'ವಾಸ್' (was) ಥರದವು ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಅಂಥವನ್ನು ವಾರಕ್ಕೆ ಒಂದೆರಡು ನೋಡಿ ನೋಡಿಯೇ ರೂಢಿಯಾಗಲಿ. ಪದದ ಕೆಳಗೆ ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಡಲೇಬೇಡಿ, ಕನ್ನಡ ಬರುವ ಮಗು ಅದನ್ನೇ ಓದುತ್ತದೆ. ನಾನು ಬರೆದು ಕೈ ಸುಟ್ಟುಕೊಂಡವಳು.

ದಿನಕ್ಕೆ ಹತ್ತು ನಿಮಿಷ ಸಾಕು, ಆಕಳಿಸಿದರೆ ಅಲ್ಲಿಗೇ ನಿಲ್ಲಿಸಿ. ನಮ್ಮವನು ಈಗ ಅಜ್ಜಿಗೇ ಪಾಠ ಮಾಡುತ್ತಾನೆ: 'ಅಜ್ಜಿ, ಬಸ್ಸು ಅಲ್ಲ, ಬಸ್.' ಅವರು, 'ಆಯ್ತಪ್ಪ, ಬಸ್ಸು' ಅಂತಾರೆ.