ರ‍್ಯಾಮ್‌ ಕೆಟ್ಟರೆ ವಿಂಡೋಸ್‌ಗೆ ಏಕೆ ದಂಡ?

ಪ್ರಶ್ನೆ: ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್‌ ಇತ್ತು. ಅಗ್ಗಕ್ಕೆ ಸಿಕ್ಕಿದ 8 ಜಿಬಿ ಡಿಡಿಆರ್‌4 ತಲೆಮಾರಿನ ರ‍್ಯಾಮ್‌ ಒಂದನ್ನು ಜೊತೆಗೆ ಹಾಕಿಸಿದೆ. ಅಂದಿನಿಂದ ಆಗಾಗ ನೀಲಿ ಪರದೆ ಬರುತ್ತಿದೆ. ವಿಂಡೋಸ್‌ ಹೊಸದಾಗಿ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹಾಕಿಸಲೇ?

ಬೇಡ. ಪ್ರತಿ ತಿಂಗಳೂ ಇದೇ ಪತ್ರ ಬರುತ್ತದೆ, ಪ್ರತಿ ಸಲವೂ ಅಂಗಡಿಯವರ ಸಲಹೆ ಇದೇ. ರ‍್ಯಾಮ್‌ ಹಾಕಿಸಿದ ದಿನವೇ ಶುರುವಾದ ಕಾಟಕ್ಕೆ ನಿಮ್ಮ ಕಡತಗಳನ್ನೆಲ್ಲ ಬಲಿ ಕೊಡಬೇಕೇ?

ಹೊಸದನ್ನು ತೆಗೆದಿಟ್ಟು ಎರಡು ದಿನ ಹಳೆಯದರಲ್ಲೇ ಕೆಲಸ ಮಾಡಿ. ಕಾಟ ನಿಂತರೆ ಹೊಸದೊಂದನ್ನೇ ಹಾಕಿ, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್‌86 ಎಂಬ ರ‍್ಯಾಮ್‌ ಪರೀಕ್ಷಿಸುವ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ವಾಪಸು ಕೊಡಿ. ‘ಒಂದೇ ತಾನೆ’ ಎಂಬ ಸಮಾಧಾನ ಬೇಡ. ಒಂಟಿಯಾಗಿ ಎರಡೂ ಸರಿಯಿದ್ದು, ಜೋಡಿಯಾದಾಗ ಮಾತ್ರ ಕೆಟ್ಟರೆ ಆ ಜೋಡಿ ಹೊಂದುವುದಿಲ್ಲ ಎಂದರ್ಥ, ಬೇರೆಯದು ಕೇಳಿ. ಹಳೆಯದನ್ನು ಬೋರ್ಡಿಗೇ ಬೆಸೆದಿದ್ದರೆ ಹೊಸದು ಇದ್ದಾಗೊಮ್ಮೆ, ಇಲ್ಲದಾಗೊಮ್ಮೆ ಪರೀಕ್ಷಿಸಿ.

ವೇಗದ ಅಂಕಿ ಬೇರೆಯಾಯಿತೆಂದು ಗಾಬರಿಯಾಗಬೇಡಿ. 2400ರ ಪಕ್ಕದಲ್ಲಿ 3200 ಕೂತರೆ ಸಾಮಾನ್ಯವಾಗಿ ಎರಡೂ 2400ರಲ್ಲೇ ಓಡುತ್ತವೆ. ನನಗೆ ಗುಮಾನಿ ಇರುವುದು ಆ ‘ಅಗ್ಗ’ದ ಮೇಲೆ. ಚಿಪ್‌ ತಯಾರಿಸುವವರಲ್ಲಿ ದೊಡ್ಡವರು ಸ್ಯಾಮ್‌ಸಂಗ್‌, ಎಸ್‌ಕೆ ಹೈನಿಕ್ಸ್‌, ಮೈಕ್ರಾನ್‌ ಮೂವರೇ. ಮೇಲಿನ ಸ್ಟಿಕ್ಕರನ್ನು ಯಾರು ಬೇಕಾದರೂ ಮುದ್ರಿಸಬಹುದು. ಸಿಪಿಯು-ಝಡ್‌ ತಂತ್ರಾಂಶದ ಎಸ್‌ಪಿಡಿ ಪುಟ (ರ‍್ಯಾಮ್‌ ತನ್ನ ಬಗ್ಗೆ ತಾನೇ ಇಟ್ಟುಕೊಂಡಿರುವ ಮಾಹಿತಿ) ತೆರೆದು, ಅಲ್ಲಿನ ತಯಾರಕರ ಹೆಸರು, ವೇಗ ಎರಡನ್ನೂ ಸ್ಟಿಕ್ಕರಿಗೆ ಹೋಲಿಸಿ ನೋಡಿ. ಈ ಮಾಹಿತಿಯನ್ನೂ ತಿದ್ದಬಲ್ಲ ಚತುರರಿದ್ದಾರೆ. ಬಿಲ್‌ ಕೊಡದವರ ಬಳಿ ನಾನಂತೂ ರ‍್ಯಾಮ್‌ ಕೊಳ್ಳುವುದಿಲ್ಲ, ಬೆಂಗಳೂರಿನ ಕಂಪ್ಯೂಟರ್‌ ಪೇಟೆ ಎಸ್‌.ಪಿ. ರಸ್ತೆಯಾದರೂ ಅಷ್ಟೇ, ಆನ್‌ಲೈನ್‌ ಆದರೂ ಅಷ್ಟೇ.

ಪ್ರಶ್ನೆ: ಡಿಡಿಆರ್‌3 ಜಾಗದಲ್ಲಿ ಡಿಡಿಆರ್‌4 ಹಾಕಬಹುದೇ?

ಇಲ್ಲ. ಅಂಚಿನಲ್ಲಿರುವ ಕಚ್ಚಿನ ಜಾಗವೇ ಬೇರೆ, ವೋಲ್ಟೇಜೂ ಬೇರೆ. ಅರ ಹಿಡಿದು ಉಜ್ಜಿದವರನ್ನೂ ಕಂಡಿದ್ದೇನೆ.

ಪ್ರಶ್ನೆ: ಸರ್ವರ್‌ನಿಂದ ಕಳಚಿದ 16 ಜಿಬಿ ರಿಜಿಸ್ಟರ್ಡ್‌ ರ‍್ಯಾಮ್‌ ಅರ್ಧ ಬೆಲೆಗೆ ಸಿಗುತ್ತಿದೆ. ಮನೆಯ ಡೆಸ್ಕ್‌ಟಾಪ್‌ಗೆ ಕೊಳ್ಳಲೇ?

ರಿಜಿಸ್ಟರ್ಡ್‌ ಎಂದರೆ ಸರ್ವರ್‌ಗಳಿಗೆಂದು ಮಾಡಿದ ಬಗೆ. ಸಾಮಾನ್ಯ ಮದರ್‌ಬೋರ್ಡಿನಲ್ಲಿ ಅದು ಏಳುವುದೇ ಇಲ್ಲ.

ಪ್ರಶ್ನೆ: ಪಿನ್‌ಗಳನ್ನು ರಬ್ಬರಿನಿಂದ ಉಜ್ಜಿದರೆ ವೇಗ ಹೆಚ್ಚುತ್ತದೆಯೇ?

ವೇಗ ಹೆಚ್ಚುವುದಿಲ್ಲ. ಕಿಲುಬು ಕೂತಿದ್ದರೆ ಒಮ್ಮೆ ಮೆಲ್ಲಗೆ ಒರೆಸಿ, ಸಾಕು. ವಾರಕ್ಕೊಮ್ಮೆ ಉಜ್ಜಿ ಚಿನ್ನದ ಲೇಪ ಹೋದ ಮೇಲೆ ನನಗೆ ಪತ್ರ ಬರೆಯಬೇಡಿ.