ಖುಲಾಸೆಯಾದ ಕೇಸನ್ನೂ ಕೆಲಸದ ಅರ್ಜಿಯಲ್ಲಿ ಹೇಳಬೇಕಾ?

ಉಡುಪಿಯಲ್ಲಿ ಓದುವಾಗ ಹೊಡೆದಾಟದ ಕೇಸಾಗಿ, ಆಮೇಲೆ ಖುಲಾಸೆಯಾಯಿತು ಅಂದಿರಿ. ಈಗ ಸರ್ಕಾರಿ ಕೆಲಸದ ಫಾರಂ ತುಂಬುತ್ತಿದ್ದೀರಿ, ಅಲ್ವಾ?

ಪ್ರಶ್ನೆಯನ್ನು ನಿಧಾನವಾಗಿ ಓದಿ. ‘ಶಿಕ್ಷೆಯಾಗಿದೆಯೇ’ ಅಂತ ಮಾತ್ರ ಕೇಳಿದ್ದರೆ ‘ಇಲ್ಲ’ ಎಂಬುದೇ ಸತ್ಯ. ‘ಎಂದಾದರೂ ಕೇಸು ದಾಖಲಾಗಿತ್ತೇ’ ಅಂತಿದ್ದರೆ ‘ಹೌದು’ ಎಂದು ಬರೆದು, ತೀರ್ಪಿನ ದೃಢೀಕೃತ ಪ್ರತಿ ಜೊತೆಗಿಡಿ. ಕೋರ್ಟಿನಲ್ಲಿ ನಕಲಿಗೆ ಅರ್ಜಿ ಹಾಕಿದರೆ ಸಿಗುತ್ತದೆ. ದಯವಿಟ್ಟು ಮುಚ್ಚಿಡಬೇಡಿ. ಪೊಲೀಸ್ ಪರಿಶೀಲನೆಯಲ್ಲಿ ಗೊತ್ತಾದರೆ ಸೇರಿದ ಕೆಲಸವೂ ಹೋಗಬಹುದು. ಕೊಡುವ ಮಾಹಿತಿ ನಿಜವಾಗಿರಬೇಕು ಎಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಜ ಹೇಳಿದ ಮೇಲೂ ಕೆಲಸ ಕೊಡಲೇಬೇಕು ಅಂತೇನಿಲ್ಲ. ಕೇಸು ಎಂಥದ್ದು, ಖುಲಾಸೆ ಯಾಕಾಯಿತು ಅಂತ ಕೆಲಸ ಕೊಡುವವರು ನೋಡಬಹುದು.

ಆಗ ನಿಮಗೆ 18 ತುಂಬಿರಲಿಲ್ಲವಾದರೆ ಮೊದಲು ವಕೀಲರನ್ನು ಕಾಣಿ. 18 ತುಂಬುವ ಮೊದಲಿನ ಕೇಸಿನಿಂದ ಸಾಮಾನ್ಯವಾಗಿ ಮುಂದೆ ಅನರ್ಹತೆ ಬರಬಾರದು ಎನ್ನುವ 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ನಿಮ್ಮ ನೆರವಿಗೆ ಬರಬಹುದು.